ನಮ್ಮ ಮನೆಗೆ ಜನರೇಟರ್ ಬಂದು ನಿಂತ ಕಥೆ

ಮೇ ತಿಂಗಳ ಎರಡನೇ ವಾರ. ಸಂಜೆ ಐದರ ಹೊತ್ತಿಗೆ ಪಡುವಣದಲ್ಲಿ ಮಣ್ಣಿನ ಬಣ್ಣದ ಮೋಡ ಎದ್ದಿತು. ಕಲಬುರಗಿಯಲ್ಲಿ ಬಾಳಿದವರಿಗೆ ಆ ಮೋಡದ ಗುರುತು ಚೆನ್ನಾಗಿ ಗೊತ್ತು: ಮೊದಲು ದೂಳು, ಆಮೇಲೆ ಗಾಳಿ, ಆಮೇಲೆ ನಾಲ್ಕು ಹನಿ, ಕೊನೆಗೆ ಕತ್ತಲು. ಐದೂವರೆಗೆ ಕರೆಂಟ್ ಹೋಯಿತು. ಓಣಿಯ ಕೊನೆಯಲ್ಲಿ ಬೇವಿನ ಮರದ ಟೊಂಗೆ ತಂತಿಯ ಮೇಲೆ ಬಿದ್ದು ಎರಡು ಕಂಬ ವಾಲಿದ್ದವು. ಕರೆಂಟ್ ಮರಳಿದ್ದು ಮರುದಿನ ನಸುಕಿನ ನಾಲ್ಕೂವರೆಗೆ. ಹನ್ನೊಂದು ತಾಸು.

ಬೇರೆ ವರ್ಷವಾಗಿದ್ದರೆ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿ ಮಲಗಿಬಿಡುತ್ತಿದ್ದೆವು. ಈ ಸಲ ಒಳಕೋಣೆಯಲ್ಲಿ ಮಾವನವರಿದ್ದರು. ಏಪ್ರಿಲ್ ಕೊನೆಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವೈದ್ಯರು ದಿನಕ್ಕೆ 16 ತಾಸು, ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಎಂದು ಬರೆದುಕೊಟ್ಟಿದ್ದರು. ಅದಕ್ಕೆಂದು ಬಾಡಿಗೆಗೆ ತಂದ ಯಂತ್ರಕ್ಕೆ ಕಾನ್ಸಂಟ್ರೇಟರ್ ಎಂದು ಹೆಸರು. ನಮ್ಮ ಮನೆಯಲ್ಲಿ ಅದು ‘ಆಕ್ಸಿಜನ್ ಮಷೀನ್’. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಸಾರಜನಕವನ್ನು ಸೋಸಿ ತೆಗೆದು ಉಳಿದದ್ದನ್ನು ಮೂಗಿಗೆ ಕೊಡುತ್ತದೆ. ಕರೆಂಟ್ ಹೋದ ಕೂಡಲೇ ಒಂದೇ ಸಮನೆ ಚೀರುತ್ತದೆ.

ಮನೆಯಲ್ಲಿ ಇನ್ವರ್ಟರ್ ಇತ್ತು, ಬೀದಿಯ ಕರೆಂಟಿನಂಥದೇ ಅಲೆ ಕೊಡುವ ಸೈನ್ ವೇವ್‌ನದೇ. ಬ್ಯಾಟರಿ 150 ಎಎಚ್ (ಆಂಪಿಯರ್-ತಾಸು), ಮೂರು ವರ್ಷ ಹಳೆಯದು. ಕಾಗದದ ಮೇಲೆ 12 ವೋಲ್ಟ್ ಗುಣಿಸು 150, ಅಂದರೆ 1800 ವಾಟ್-ತಾಸು. ಹಳತಾದ ಬ್ಯಾಟರಿಯಿಂದ ಕೈಗೆ ಸಿಗುವುದು ಸಾವಿರದ ಆಸುಪಾಸು. ಮಷೀನ್ ಒಂದೇ 350 ವಾಟ್ ಎಳೆಯುತ್ತದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಈ ಭಾಗಾಕಾರವನ್ನು ಕರೆಂಟ್ ಹೋಗುವ ಮೊದಲೇ ಮಾಡಬೇಕಿತ್ತು. ಎಂಟೂವರೆಗೆ ಇನ್ವರ್ಟರಿನ ಕೆಂಪು ದೀಪ ಹತ್ತಿತು, ಎಂಟು ನಲವತ್ತಕ್ಕೆ ಎಲ್ಲವೂ ಆರಿತು.

ನಮ್ಮ ಮನೆಯವರು ಪುಣೆಯಲ್ಲಿ ನೌಕರಿಯಲ್ಲಿದ್ದಾರೆ. ಮೈದುನನಿಗೆ ಫೋನ್ ಮಾಡಿದೆ. ಅವನು ಎಲ್ಲೆಲ್ಲೋ ಅಲೆದು ಆಟೋದಲ್ಲಿ ಒಂದು ಸಿಲಿಂಡರ್ ತಂದಾಗ ಹತ್ತು ಗಂಟೆ ದಾಟಿತ್ತು. ನಡುವಿನ ಒಂದೂವರೆ ತಾಸು ಮಾವನವರ ಬೆರಳಿಗೆ ಹಾಕಿದ ಆಕ್ಸಿಮೀಟರಿನಲ್ಲಿ ರಕ್ತದ ಆಮ್ಲಜನಕದ ಅಂಕಿ ನೋಡುತ್ತ ಕುಳಿತಿದ್ದೆ: 93 ಇದ್ದದ್ದು 90, 88, 86. ಅವರು ಒಂದು ಮಾತೂ ಆಡಲಿಲ್ಲ. ಬೀಸಣಿಗೆ ಬೀಸುತ್ತಿದ್ದ ನನ್ನ ಕೈಯನ್ನು ಹಿಡಿದು ನಿಲ್ಲಿಸಿದರು. ಗಾಳಿ ಬೇಡವೆಂದಲ್ಲ, ನನ್ನ ಕೈ ಸೋಲುತ್ತದೆಂದು.

ಹಾಗಾಗಿ ಇಂಥ ರೋಗಿ ಇರುವ ಮನೆಯವರಿಗೆ ಮೊದಲ ಮಾತು ಜನರೇಟರಿನದಲ್ಲ. ಡಿಪಾಸಿಟ್ ಕಟ್ಟಿ ಒಂದು ಬಿ-ಟೈಪ್ ಸಿಲಿಂಡರನ್ನು ಮಂಚದ ಪಕ್ಕ ತಂದಿಡಿ. ಅದರಲ್ಲಿ ಸುಮಾರು 1500 ಲೀಟರ್ ಆಮ್ಲಜನಕ ಇರುತ್ತದೆ; ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ತಾಸು ಬರುತ್ತದೆ. ಅದಕ್ಕೆ ಕರೆಂಟ್ ಬೇಡ, ಪೆಟ್ರೋಲ್ ಬೇಡ. ಜನರೇಟರ್ ಕೈಕೊಟ್ಟ ದಿನಗಳಲ್ಲಿ, ಕೈಕೊಟ್ಟೇ ಕೊಟ್ಟಿತು, ನಮ್ಮನ್ನು ಕಾಯ್ದದ್ದು ಆ ಕಪ್ಪು ಸಿಲಿಂಡರ್.

ಮರುವಾರ ಅಂಗಡಿ ಹತ್ತಿದೆ. ಮೊದಲ ಅಂಗಡಿಯವರು ನೇರವಾಗಿ 5 ಕೆವಿಎ (ಇದು ಜನರೇಟರಿನ ಸಾಮರ್ಥ್ಯದ ಅಳತೆ) ಡೀಸೆಲ್ ಸೈಲೆಂಟ್ ಸೆಟ್ಟಿನ ಮುಂದೆ ನಿಲ್ಲಿಸಿದರು. ಎರಡು ಲಕ್ಷದ ಮೇಲೆ ಬೆಲೆ. “ಅಕ್ಕಾ, ನಾಳೆ ಎಸಿ ಹಾಕಿಸಿದರೆ ಮತ್ತೆ ನನ್ನ ಹತ್ತಿರವೇ ಬರುತ್ತೀರಿ. ಒಮ್ಮೆಲೇ ದೊಡ್ಡದು ತೆಗೆದುಕೊಂಡುಬಿಡಿ” ಎಂದರು. ಮಾತು ಸಿಹಿಯಾಗಿತ್ತು. ಇನ್ನೊಂದು ಮೂಲೆಯಲ್ಲಿ ಅಂಥದೇ ಸೆಟ್ಟು ಮೂವತ್ತು ಸಾವಿರ ಕಡಿಮೆಗೆ ನಿಂತಿತ್ತು. ಏಕೆ ಅಗ್ಗ ಎಂದು ಕೇಳಿದರೆ “ಹಳೆಯ ಸ್ಟಾಕು” ಎಂಬ ಉತ್ತರ. 2023ರ ಜುಲೈ 1ರಿಂದ ಜನರೇಟರುಗಳ ಹೊಗೆಗೆ ಹೊಸ ಮಾನದಂಡ ಬಂದಿದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೆಸರಿನಿಂದ ಸಿಪಿಸಿಬಿ 4 ಪ್ಲಸ್ ಎನ್ನುತ್ತಾರೆ; ಹಳೆಯ ಸ್ಟಾಕು ಅದಕ್ಕೂ ಮೊದಲಿನದಿರಬಹುದು. ಅಗ್ಗ ಕಂಡರೆ ಯಂತ್ರದ ಮೈಮೇಲಿನ ಲೇಬಲ್ ಮತ್ತು ತಯಾರಾದ ತಿಂಗಳು ನೋಡದೆ ದುಡ್ಡು ಕೊಡಬೇಡಿ.

ಅಲ್ಲಿಂದ ಮನೆಗೆ ಬಂದು ಹಳೆಯ ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಆಕ್ಸಿಜನ್ ಮಷೀನ್ 350 ವಾಟ್, ಫ್ರಿಜ್ 180, ಮೂರು ಫ್ಯಾನ್ 225, ದೀಪಗಳು 50, ಕೂಲರ್ 180. ಒಟ್ಟು 985. ಎಸಿ ನಮ್ಮಲ್ಲಿಲ್ಲ. ಬೋರಿನ ಮೋಟರನ್ನು ಹೊಡೆದು ಹಾಕಿದೆ: ಒಂದು ಎಚ್‌ಪಿ ಮೋಟರ್ ಓಡುವಾಗ ಸಾವಿರ ವಾಟ್ ಎಳೆದರೆ ಎದ್ದು ನಿಲ್ಲುವ ಕ್ಷಣಕ್ಕೆ ಅದರ ಮೂರು ಪಟ್ಟಿಗೂ ಮೇಲೆ ಕೇಳುತ್ತದೆ. ಅದೊಂದಕ್ಕಾಗಿ ಜನರೇಟರಿನ ಗಾತ್ರ ಎರಡು ಪಟ್ಟು ಮಾಡುವುದಕ್ಕಿಂತ ಕರೆಂಟ್ ಇದ್ದಾಗ ಟಾಕಿ ತುಂಬಿಸಿಕೊಳ್ಳುವುದು ಲೇಸು. ಫ್ರಿಜ್ಜಿಗೂ ಇದೇ ಚಾಳಿ ಇದೆ, ಎದ್ದು ನಿಲ್ಲುವ ಒಂದೆರಡು ಸೆಕೆಂಡಿಗೆ 800 ವಾಟ್ ಬೇಕು. ಎಲ್ಲ ಸೇರಿಸಿದರೂ 1600ರ ಆಸುಪಾಸು. ಸಂತೋಷದಿಂದ ಅಡಿಗೆರೆ ಎಳೆದೆ. ಒಂದು ಬಾಬು ಬಿಟ್ಟುಹೋಗಿತ್ತು. ಅದು ಆಮೇಲೆ ಬರುತ್ತದೆ.

ಸಾವಿರ ವಾಟಿನ ಮನೆಗೆ 5 ಕೆವಿಎ ಡೀಸೆಲ್ ಸೆಟ್ಟು ಏಕೆ ಬೇಡವೆಂದರೆ, ದುಡ್ಡಿನ ಕಾರಣಕ್ಕಷ್ಟೇ ಅಲ್ಲ. ಪವರ್ ಫ್ಯಾಕ್ಟರ್, ಅಂದರೆ ಆ ಅಳತೆಯಲ್ಲಿ ನಿಜವಾಗಿ ದುಡಿಯುವ ಪಾಲು, 0.8 ಎಂದು ಹಿಡಿದರೆ 5 ಕೆವಿಎ ಅಂದರೆ 4 ಕಿಲೋವಾಟ್. ಅದರ ಮೇಲೆ ಕಾಲು ಭಾಗದ ಹೊರೆ ಇಟ್ಟು ತಾಸುಗಟ್ಟಲೆ ಓಡಿಸಿದರೆ ಎಂಜಿನ್ ಸರಿಯಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರಿನಲ್ಲಿ ಕರಿ ಕಟ್ಟುತ್ತದೆ. ಡೀಸೆಲ್ ಎಂಜಿನ್ನಿಗೆ ದುಡಿಮೆ ಕೊಡಬೇಕು. ಸೋಲಾರ್ ಹಾಕಿಸಬಹುದಿತ್ತಲ್ಲ ಎಂದು ಕೇಳಿದವರು ಬಹಳ. ಮಾಳಿಗೆಯ ಮೇಲೆ ಗ್ರಿಡ್ಡಿಗೆ ಜೋಡಿಸುವ ಸಾಮಾನ್ಯ ಸೋಲಾರ್, ಬೀದಿಯ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಬ್ಯಾಟರಿ ಇರುವ ಬಗೆಯದು ಬೇರೆ, ಅದರ ಬೆಲೆಯೂ ಬೇರೆ.

ಕೊನೆಗೆ 2.1 ಕೆವಿಎ ಪೆಟ್ರೋಲ್ ಜನರೇಟರ್ ಎಂದು ನಿಶ್ಚಯಿಸಿದೆ. ಫಲಕದ ಮೇಲೆ ಎರಡು ಅಂಕಿ ಇರುತ್ತವೆ. ದೊಡ್ಡದು ಗರಿಷ್ಠ, ಅದು ಕೆಲವು ನಿಮಿಷದ ಮಾತು. ಚಿಕ್ಕದು ನಿರಂತರ, ಅದೇ ನಿಜ. ಜಾಹೀರಾತಿನಲ್ಲಿ ಮೊದಲನೆಯದನ್ನೇ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಅಂಗಡಿಯ ಹುಡುಗ ಹಗ್ಗ ಎಳೆದು ಒಂದೇ ಸಲಕ್ಕೆ ಶುರು ಮಾಡಿ ತೋರಿಸಿದ. ನಾನು ಎಳೆದೆ. ಏಳು ಸಲ. ಎಂಟನೆಯದಕ್ಕೆ ಭುಜ ಬೇಡವೆಂದಿತು. ಮನೆಯಲ್ಲಿ ಕತ್ತಲಲ್ಲಿ ಅದನ್ನು ಶುರು ಮಾಡುವವಳು ನಾನೇ ಆದ್ದರಿಂದ ಒಂಬತ್ತು ಸಾವಿರ ಹೆಚ್ಚು ಕೊಟ್ಟು ಸೆಲ್ಫ್ ಸ್ಟಾರ್ಟ್ ಇರುವುದನ್ನು ಕೇಳಿದೆ. ಅದು ಹೈದರಾಬಾದಿನಿಂದ ಬರಬೇಕಿತ್ತು. ನಾಲ್ಕು ದಿನ ಎಂದರು, ಹತ್ತೊಂಬತ್ತು ದಿನವಾಯಿತು. ಆ ನಡುವೆ ಕರೆಂಟ್ ಹೋದಾಗಲೆಲ್ಲ ನಾನು ಅಂಗಡಿಗೆ ಫೋನ್ ಮಾಡುತ್ತಿದ್ದೆ, ಕರೆಂಟನ್ನು ಅವರೇ ತೆಗೆದಿದ್ದಾರೆ ಎಂಬಂತೆ. ಜಿಎಸ್‌ಟಿ ಸೇರಿ 74,000 ರೂಪಾಯಿ. ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆದಿರಲಿಲ್ಲ. ಬರೆಸಿಕೊಂಡು, ವಾರಂಟಿ ಕಾರ್ಡಿಗೆ ಮೊಹರು ಹಾಕಿಸಿಕೊಂಡೇ ಎದ್ದೆ. ಬರೆಸಿದ್ದು ಒಳ್ಳೆಯದಾಯಿತು, ಆ ಬಿಲ್ಲು ಪೆಟ್ರೋಲ್ ಬಂಕಿನಲ್ಲೂ ಬೇಕಾಯಿತು.

ಯಂತ್ರ ಮನೆಗೆ ಬಂದ ದಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಮುಂದೆ ಒಂದು ನಿಂಬೆಹಣ್ಣು ಇಟ್ಟೆವು. ಈ ನಿಂಬೆಹಣ್ಣನ್ನು ನೆನಪಿಟ್ಟುಕೊಳ್ಳಿ.

ಇನ್ನು ಎಲೆಕ್ಟ್ರಿಷಿಯನ್. ಬಂದವನೇ ಚೀಲದಿಂದ ಎರಡೂ ತುದಿಗೆ ಪಿನ್ ಇರುವ ಒಂದು ವೈರ್ ತೆಗೆದ. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಅಂಗಳದ ಸಾಕೆಟ್ಟಿಗೆ; ಮನೆಯೆಲ್ಲ ಬೆಳಕು, ಖರ್ಚು 250 ರೂಪಾಯಿ. “ಮೇನ್ ಸ್ವಿಚ್ ಒಂದು ತೆಗೆದರಾಯಿತು, ಟೀಚರ್” ಎಂದ. ತೆಗೆಯಲು ಮರೆತರೆ? ನನ್ನ ಕಣ್ಣ ಮುಂದೆ ಬಂದದ್ದು ಆ ಮೇ ತಿಂಗಳ ನಸುಕು: ವಾಲಿದ ಕಂಬದ ಮೇಲೆ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ತಂತಿ ಬಿಗಿಯುತ್ತಿದ್ದ ಲೈನ್‌ಮನ್. ನಮ್ಮ ಜನರೇಟರಿನ 230 ವೋಲ್ಟ್ ಮೀಟರ್ ದಾಟಿ ಬೀದಿಗೆ ಹೋದರೆ ಟ್ರಾನ್ಸ್‌ಫಾರ್ಮರ್ ಅದನ್ನೇ ತಿರುಗಿಸಿ 11,000 ಮಾಡುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಹತ್ತಿದವನ ಕೈಗೆ ಅದು ಬರುತ್ತದೆ. ಆ ವೈರನ್ನು ಅವನ ಚೀಲಕ್ಕೇ ಹಾಕಿಸಿ ಚೇಂಜ್‌ಓವರ್ ಸ್ವಿಚ್ ತರಿಸಿದೆ. ಅದರ ಹಿಡಿಕೆ ಒಂದೋ ಬೀದಿಯ ಕಡೆ, ಇಲ್ಲವೇ ಜನರೇಟರ್ ಕಡೆ; ಎರಡೂ ಕಡೆ ಒಮ್ಮೆಗೆ ಇರಲು ಸಾಧ್ಯವೇ ಇಲ್ಲ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಟೂ ಪೋಲ್ ಸ್ವಿಚ್ಚೇ ಆಗಬೇಕು. ಬೋರಿನ ಮೋಟರ್ ಇದರಾಚೆ ಉಳಿಯುವಂತೆ ವೈರಿಂಗ್ ಬೇರೆ ಮಾಡಿಸಿ ಒಟ್ಟು 6,300. ವಿದ್ಯುತ್ ಕಚೇರಿಗೂ ಒಂದು ಅರ್ಜಿ ಬರೆದು ವಿಷಯ ತಿಳಿಸಿ ಸ್ವೀಕೃತಿ ಪಡೆದೆ.

ಅರ್ಥಿಂಗ್ ಕೆಲಸ ನಮ್ಮ ಕಡೆಯ ಮಣ್ಣಿಗೆ ವಿಶೇಷವಾದದ್ದು. ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಗುಂಡಿ ತೋಡಿ ಪೈಪ್ ಇಳಿಸಿ ಇದ್ದಿಲು, ಉಪ್ಪು ತುಂಬಿದರೂ ಮಣ್ಣು ಒಣಗಿ ಹಿಂದೆ ಸರಿದರೆ ಪೈಪು ಬರೀ ಗಾಳಿಯಲ್ಲಿ ನಿಂತ ಹಾಗೆ. ಮೀಟರ್ ತರಿಸಿ ಅರ್ಥಿಂಗಿನ ತಡೆ (ರೆಸಿಸ್ಟೆನ್ಸ್) ಅಳೆಸಿದಾಗ ಮೊದಲ ದಿನ 18 ಓಮ್; ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಮೂರು ದಿನ ದಿನಕ್ಕೆರಡು ಕೊಡ ನೀರು ಹಾಕಿದ ಮೇಲೆ 5ಕ್ಕೆ ಇಳಿಯಿತು. ಮುಂಗಾರು ಹಿಡಿದ ಮೇಲೆ ಚಿಂತೆಯಿಲ್ಲ, ಮಾರ್ಚಿನಿಂದ ಜೂನ್‌ವರೆಗೆ ತುಳಸಿಗೆ ನೀರು ಹಾಕುವಾಗ ಅದಕ್ಕೂ ಒಂದು ಕೊಡ ಹಾಕಬೇಕು.

ಜಾಗದ ವಿಷಯದಲ್ಲಿ ಮೈದುನನೊಡನೆ ಜಗಳವೇ ಆಯಿತು. ಮಳೆ ಬೀಳುತ್ತದೆಂದು ಪಡಸಾಲೆಯಲ್ಲಿಡೋಣ ಎಂದ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ನಮ್ಮಲ್ಲಂತೂ ಆಕ್ಸಿಜನ್ ಮಷೀನ್ ಕೋಣೆಯ ಗಾಳಿಯನ್ನೇ ಎಳೆದು ರೋಗಿಗೆ ಕೊಡುವುದು. ಕಿಟಕಿ ಬಾಗಿಲಿನಿಂದ ಇಪ್ಪತ್ತು ಅಡಿ ದೂರ, ಹಿತ್ತಲ ಅಂಗಳದ ಕೊನೆ, ಸೈಲೆನ್ಸರ್ ಬಯಲ ಕಡೆಗೆ. ಮೇಲೆ ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರಕ್ಕೆ 5,500. ಮಾವನವರ ಕೋಣೆಗೆ ಒಂದು ಮೊನಾಕ್ಸೈಡ್ ಅಲಾರಂ, 1,900.

ಎಲ್ಲ ಸಿದ್ಧವಾಯಿತು, ಗುಂಡಿ ಒತ್ತಿದೆ, ಎಂಜಿನ್ ಗುಡುಗಿತು, ಫ್ಯಾನ್ ತಿರುಗಿತು. ಇನ್ವರ್ಟರ್ ಮಾತ್ರ ಜನರೇಟರಿನ ಕರೆಂಟನ್ನು ಕರೆಂಟೆಂದು ಒಪ್ಪಲಿಲ್ಲ. ಟಕ್ ಎಂದು ಹಿಡಿಯುವುದು, ಟಕ್ ಎಂದು ಬಿಡುವುದು. ಇದಕ್ಕೆ ಕಾರಣ ಇನ್ವರ್ಟರಿನ ಹಿಂದಿರುವ ಒಂದು ಸಣ್ಣ ಸ್ವಿಚ್. ಅದು ಯುಪಿಎಸ್ ಕಡೆ ಇದ್ದರೆ ವೋಲ್ಟೇಜಿನ ವಿಷಯದಲ್ಲಿ ಮಡಿ ಜಾಸ್ತಿ. ಇನ್ನೊಂದು ಕಡೆಗೆ ತಳ್ಳಿದರೆ ಹೆಚ್ಚುಕಡಿಮೆಯನ್ನು ಸಹಿಸುತ್ತದೆ. ತಳ್ಳಿದೆ, ಹಿಡಿಯಿತು. ಆಗ ಹೊಳೆದದ್ದು ಲೆಕ್ಕದಲ್ಲಿ ಬಿಟ್ಟುಹೋದ ಬಾಬು: ಖಾಲಿ ಬ್ಯಾಟರಿ ಚಾರ್ಜ್ ಆಗಲು 250 ವಾಟ್ ತಿನ್ನುತ್ತದೆ. ಮಕ್ಕಳು ಹೀಗೆ ಬಿಟ್ಟರೆ ಎರಡು ಅಂಕ ಕಳೆಯುತ್ತೇನೆ.

ಜುಲೈ ಮೊದಲ ವಾರದಿಂದ ನಿಜವಾದ ಕಾಟ ಶುರು. ಹತ್ತು ನಿಮಿಷ ಓಡುವುದು, ಸುಮ್ಮನೆ ನಿಲ್ಲುವುದು. ಮತ್ತೆ ಶುರು ಮಾಡಿದರೆ ಐದು ನಿಮಿಷ. ಪೆಟ್ರೋಲ್ ಇದೆ, ಆಯಿಲ್ ಕಡ್ಡಿ ತೆಗೆದು ನೋಡಿದರೆ ಆಯಿಲ್ ಗೆರೆಯವರೆಗೂ ಇದೆ. ಮೆಕ್ಯಾನಿಕ್ ಬಂದು ಕಾರ್ಬುರೇಟರ್ ಬಿಚ್ಚಿ ತೊಳೆದ, 1,200 ತೆಗೆದುಕೊಂಡ. ಮರುದಿನ ಅದೇ ಹಾಡು. ಎರಡನೇ ಸಲ ಬಂದು ಪ್ಲಗ್ ಬದಲಿಸಿ 600. ಅಂಗಡಿಯವರು, ಹೊರಗಿನವರು ಕೈ ಹಾಕಿದ್ದಾರೆ, ಇನ್ನು ವಾರಂಟಿ ನಡೆಯುವುದಿಲ್ಲ ಎಂದುಬಿಟ್ಟರು. ತಪ್ಪು ನನ್ನದೇ: ವಾರಂಟಿ ಇರುವಾಗ ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಬೇಕಿತ್ತು. ಅಂದು ರಾತ್ರಿ ಮಾವನವರು ಕಿಟಕಿಯಿಂದ ನೋಡುತ್ತ, “ಇದು ಮನೆಯಲ್ಲಿ ಎಮ್ಮೆ ಕಟ್ಟಿದ ಹಾಗೆ ಆಯಿತಲ್ಲವ್ವ, ಮೇವು ಹಾಕುವುದೊಂದೇ ನಡೆದಿದೆ” ಎಂದರು. ನಗು ಬಂತು, ಅಳುವೂ ಬಂತು.

ಕೊನೆಗೆ ಮೈದುನ ತನ್ನ ಹೊಲದ ಪಂಪ್‌ಸೆಟ್ ನೋಡುವ ಕಾಕಾ ಒಬ್ಬರನ್ನು ಕರೆತಂದ. ಎಪ್ಪತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಒಂದು ಪಾನಾ, ಅಷ್ಟೇ. ಅವರು ಎಂಜಿನ್ನನ್ನು ಮುಟ್ಟಲೇ ಇಲ್ಲ. ಸುತ್ತ ಒಂದು ಸಲ ತಿರುಗಿ ನೋಡಿ, ಪೂಜೆಯ ದಿನದಿಂದ ಅಲ್ಲೇ ಒಣಗಿ ಗಟ್ಟಿಯಾಗಿದ್ದ ನಿಂಬೆಹಣ್ಣನ್ನು ಎತ್ತಿ ಜನರೇಟರಿನ ಪಕ್ಕದ ಫರ್ಸಿಕಲ್ಲಿನ ಮೇಲೆ ಬಿಟ್ಟರು. ಅದು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮೆಲ್ಲಗೆ ಉರುಳುತ್ತ ಮೋರಿಯ ತನಕ ಹೋಯಿತು.

ನಮ್ಮ ಕಡೆ ಅಂಗಳಕ್ಕೆ ಶಹಾಬಾದ್ ಫರ್ಸಿ ಹಾಸುವಾಗ ನೀರು ಹರಿದುಹೋಗಲೆಂದು ಮೋರಿಯ ಕಡೆಗೆ ಇಳಿಜಾರು ಕೊಡುತ್ತಾರೆ. ಆ ಇಳಿಜಾರಿನಲ್ಲಿ ಎಂಜಿನ್ ವಾಲಿ ನಿಂತಿತ್ತು. ಆಯಿಲೆಲ್ಲ ಕಡ್ಡಿ ಇರುವ ಕಡೆಗೆ ಸರಿದು ಅಲ್ಲಿ ಗೆರೆ ಮುಟ್ಟಿದೆ ಎಂದು ತೋರಿಸುತ್ತಿತ್ತು. ನಿಜಕ್ಕೆ ಕಡಿಮೆ ಇತ್ತು. ಆಯಿಲ್ ತೀರಿದರೆ ಎಂಜಿನ್ ಸುಡದಿರಲೆಂದು ಒಳಗೊಂದು ಸೆನ್ಸರ್ ಇರುತ್ತದೆ. ಅದು ತನ್ನ ಕೆಲಸ ಮಾಡುತ್ತಿತ್ತು. ಕಾಕಾ ಕೆಳಗೆ ಎರಡು ಫರ್ಸಿ ಚೂರು, ಮೇಲೆ ಹಳೆಯ ರಬ್ಬರ್ ಹಾಸು ಇಟ್ಟು ಮಟ್ಟ ಮಾಡಿದರು. ಆಗ ಕಡ್ಡಿ ನೋಡಿದರೆ ಆಯಿಲ್ ತುದಿಯಲ್ಲಿ ಮಾತ್ರ. ಅರ್ಧ ಲೋಟದಷ್ಟು ಹಾಕಿದೆವು. ಅಂದಿನಿಂದ ಒಂದು ಸಲವೂ ನಿಂತಿಲ್ಲ. ಚಹಾ ಕುಡಿದು ನೂರು ರೂಪಾಯಿ ತೆಗೆದುಕೊಳ್ಳಲೂ ಅವರು ಒಪ್ಪಲಿಲ್ಲ, ಮೈದುನನ ಕಿಸೆಗೆ ಹಾಕಿ ಕಳಿಸಬೇಕಾಯಿತು.

ಪೆಟ್ರೋಲಿನದು ಬೇರೆ ಕಥೆ. ಪ್ಲಾಸ್ಟಿಕ್ ಕ್ಯಾನ್ ಹಿಡಿದು ಹೋದರೆ ಬಂಕಿನಲ್ಲಿ ಹಾಕುವುದಿಲ್ಲ, ಹಾಕಲೂಬಾರದು. ಎರಡು ಬಂಕ್ ಅಲೆದ ಮೇಲೆ ಕಬ್ಬಿಣದ ಜೆರಿ ಕ್ಯಾನ್ ಕೊಂಡು, ಜನರೇಟರಿನ ಬಿಲ್ಲು ತೋರಿಸಿ ಮ್ಯಾನೇಜರರನ್ನು ಕೇಳಿಕೊಂಡೆ. ಮಾರಾಟಕ್ಕಲ್ಲದ ಪೆಟ್ರೋಲ್ 30 ಲೀಟರ್ ಮೀರದಿದ್ದರೆ ಕಾನೂನಿನಲ್ಲಿ ಪರವಾನಗಿ ಬೇಡ. ನಾನು 10 ಲೀಟರಿನ ಮೇಲೆ ಇಡುವುದಿಲ್ಲ, ಅದೂ ಆಕ್ಸಿಜನ್ ಇರುವ ಕೋಣೆಯಿಂದ ಬಹು ದೂರ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಮಳೆಗಾಲದಲ್ಲಿ ತೇವ ಹೀರುತ್ತದೆ, ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ. ಅದಕ್ಕೆ ತಿಂಗಳ ಕೊನೆಗೆ ಕ್ಯಾನಿನಲ್ಲಿ ಉಳಿದದ್ದನ್ನು ನನ್ನ ಸ್ಕೂಟಿಗೆ ಸುರಿದು ಹೊಸದು ತರುತ್ತೇನೆ. ಐದು ಲೀಟರಿಗೆ ಸುಮಾರು ಆರು ತಾಸು ಓಡುತ್ತದೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದ ಮನೆಯಲ್ಲಿ ಜನರೇಟರಿನ ಒಂದು ಯೂನಿಟ್ಟಿಗೆ ನೂರು ರೂಪಾಯಿ ಬೀಳುತ್ತಿದೆ.

ನೆರೆಯವರಿಗೆ ಮೊದಲೇ ಹೇಳಿಡಿ. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬಲ್. ಇಂಥ ಯಂತ್ರ ಅದನ್ನು ಮೀರಿಯೇ ಮೀರುತ್ತದೆ. ಅವರು ಸಹಿಸುತ್ತಿರುವುದು ಮಾವನವರ ಮುಖ ನೋಡಿ. ನಮ್ಮ ಪಕ್ಕದ ಮನೆಯವರು ಗೋಡೆಯ ಮೇಲಿಂದ ಒಂದು ವೈರ್ ಕೇಳಿದರು, ಒಂದು ಫ್ಯಾನಿಗೆ, ಮೊಬೈಲಿಗೆ. ಇಲ್ಲವೆನ್ನಲಾಗಲಿಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ಫ್ರಿಜ್ ಎದ್ದು ನಿಲ್ಲುವ ಹೊತ್ತಿಗೇ ಜನರೇಟರಿನ ಬ್ರೇಕರ್ ಬಿದ್ದು ಮಷೀನ್ ಚೀರಿತು. ಅವರ ಹುಡುಗನ ಯೂನಿಫಾರ್ಮಿಗೆ ಇಸ್ತ್ರಿ ನಡೆದಿತ್ತು, ಸಾವಿರ ವಾಟ್. ಈಗ ಆ ವೈರಿಗೆ ಒಂದು ಆಂಪಿಯರಿನ ಪುಟ್ಟ ಬ್ರೇಕರ್ ಇದೆ, ಸ್ನೇಹವೂ ಉಳಿದಿದೆ.

ದೇಖರೇಖೆ ಕಷ್ಟವಲ್ಲ, ಮರೆಯಬಾರದು ಅಷ್ಟೇ. ಹದಿನೈದು ದಿನಕ್ಕೊಮ್ಮೆ ಭಾನುವಾರ ಕಾಲು ತಾಸು ಹೊರೆಯ ಮೇಲೆ ಓಡಿಸುತ್ತೇನೆ. ನಿಲ್ಲಿಸುವಾಗ ಸ್ವಿಚ್ ತೆಗೆಯುವುದಿಲ್ಲ, ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರ್ ಬರಿದಾಗಿ ತಾನೇ ನಿಲ್ಲಲು ಬಿಡುತ್ತೇನೆ. ಒಳಗೆ ಉಳಿದ ಪೆಟ್ರೋಲ್ ಅಂಟಾಗುವುದಿಲ್ಲ. ಎಷ್ಟು ಹೊತ್ತು ಓಡಿತೆಂದು ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಮೊದಲ ಆಯಿಲ್ 20 ತಾಸಿಗೇ ಬದಲಿಸಬೇಕು. ಹೊರಬಂದ ಆಯಿಲಿನಲ್ಲಿ ಬೆಳ್ಳಿಯ ಪುಡಿಯಂತೆ ಮಿಂಚು ಇತ್ತು, ಹೊಸ ಎಂಜಿನ್ನಿನ ಒಳಗಿನ ಸವೆತ. ಆಮೇಲೆ 100 ತಾಸು ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಗಾಳಿ ಫಿಲ್ಟರಿನ ಸ್ಪಂಜನ್ನು ಪುಸ್ತಕದಲ್ಲಿ 50 ತಾಸಿಗೆ ತೊಳೆಯಿರಿ ಎಂದಿದೆ. ಪುಸ್ತಕ ಬರೆದವರು ನಮ್ಮ ದೂಳು ಕಂಡವರಲ್ಲ. ನಾನು 25ಕ್ಕೆ ತೊಳೆದಾಗಲೇ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಸೆಲ್ಫ್ ಸ್ಟಾರ್ಟಿನ ಬ್ಯಾಟರಿ ಇಳಿದುಹೋದ ದಿನಕ್ಕೆ ಹಗ್ಗ ಎಳೆಯುವುದನ್ನೂ ಕಲಿತಿದ್ದೇನೆ. ಚೋಕ್ ಎಳೆದು, ಮೊದಲು ಮೆಲ್ಲಗೆ ಬಿಗಿ ಸಿಗುವವರೆಗೆ, ಆಮೇಲೆ ಒಂದೇ ಜಗ್ಗು. ಭುಜದ ಬಲಕ್ಕಿಂತ ಆ ಬಿಗಿ ಗುರುತಿಸುವುದರಲ್ಲಿದೆ ಗುಟ್ಟು.

ಯಂತ್ರ, ವೈರಿಂಗ್, 4,200ರ ಅರ್ಥಿಂಗ್, ಚಪ್ಪರ, ಅಲಾರಂ, ಜೊತೆಗೆ ಆ ವ್ಯರ್ಥ 1,800, ಎಲ್ಲ ಕೂಡಿ 93,700 ರೂಪಾಯಿ. ಸಿಲಿಂಡರಿನ ಡಿಪಾಸಿಟ್ ಬೇರೆ.

ಮೊನ್ನೆ ಆಯುಧ ಪೂಜೆಗೆ ಸ್ಕೂಟಿಯ ಜೊತೆ ಅದನ್ನೂ ತೊಳೆದು ಒರೆಸಿ ಚೆಂಡು ಹೂವಿನ ಮಾಲೆ ಹಾಕಿದೆ. ಮಾವನವರು ನಳಿಗೆ ತೆಗೆದಿಟ್ಟು ಕೋಲು ಹಿಡಿದು ಹಿತ್ತಲಿನವರೆಗೆ ನಡೆದು ಬಂದರು. ರಬ್ಬರ್ ಹಾಸಿನ ಮೇಲೆ, ಜನರೇಟರಿನ ಮುಂದೆ ಹೊಸ ನಿಂಬೆಹಣ್ಣು ಇಟ್ಟೆ. ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಉರುಳಲಿಲ್ಲ.